ಹಳೆಯ ಜಾವಾದ ದುರಸ್ತಿ



ಮೈಸೂರಿನ ಹಳೆಯ ಬಡಾವಣೆಗಳಲ್ಲಿ, ಅಗ್ರಹಾರದ ಓಣಿಗಳಲ್ಲಿಯೋ ಚಾಮುಂಡಿಪುರದ ವಠಾರಗಳಲ್ಲಿಯೋ, ಬೆಳಗಿನ ಹೊತ್ತು ನಡೆದುಹೋಗುವವರು ಸ್ವಲ್ಪ ಕಣ್ಣು ಹಾಯಿಸಿದರೆ, ಯಾವುದೋ ಮನೆಯ ಮಹಡಿಮೆಟ್ಟಿಲಿನ ಕೆಳಗೆ, ಇಲ್ಲವೆ ಹಿತ್ತಿಲಿನ ತೆಂಗಿನ ಮರದ ಬುಡದಲ್ಲಿ, ಗೋಣಿತಟ್ಟನ್ನೋ ಹರಿದ ಟಾರ್ಪಾಲನ್ನೋ ಹೊದ್ದು ನಿಂತಿರುವ ಮೋಟಾರ್ ಸೈಕಲೊಂದು ಕಾಣದೆ ಇರದು. ದುಂಡಾದ ಪೆಟ್ರೋಲ್ ಟ್ಯಾಂಕು, ಅದರ ಪಕ್ಕೆಗಳ ಮೇಲೆ ಮಾಸಿಹೋದ ಕ್ರೋಮಿಯಂ ಹೊಳಪು, ಎಡಕ್ಕೊಂದು ಬಲಕ್ಕೊಂದು ಚಾಚಿಕೊಂಡ ಎರಡು ಸೈಲೆನ್ಸರ್ ಕೊಳವೆಗಳು: ಇಷ್ಟನ್ನು ಕಂಡರೆ ಸಾಕು, ಅದು ಜಾವಾ ಎಂದೋ ಅದರ ತರುವಾಯದ ಯೆಜ್ದಿ ಎಂದೋ ಈ ಊರಿನ ಮಕ್ಕಳೂ ಹೇಳಬಲ್ಲರು. ಅಂಥದೊಂದು ಬಂಡಿಯನ್ನು, ಬಹುಮಟ್ಟಿಗೆ ಗುಜರಿಯಿಂದ ಆಯ್ದ ಬಿಡಿಭಾಗಗಳ ನೆರವಿನಿಂದ, ಮನೆಯ ಜಗಲಿಯ ಮೇಲೆಯೇ ಕೂತು ದುರಸ್ತಿ ಮಾಡುವುದು ಹೇಗೆ, ಆ ಕೆಲಸದಲ್ಲಿ ವಿವೇಕವು ಎಲ್ಲೆಲ್ಲಿ ಅವಶ್ಯವಾಗುತ್ತದೆ ಎಂಬುದನ್ನು ಇಂದು ನಿಮ್ಮ ಮುಂದೆ ನಿವೇದಿಸಬೇಕೆಂದಿದ್ದೇನೆ.

ಈ ಬಂಡಿ ನಮ್ಮ ಊರಿನಲ್ಲಿಯೇ ತಯಾರಾದದ್ದು. ಚೆಕೊಸ್ಲೊವಾಕಿಯಾದ ಜಾವಾ ಸಂಸ್ಥೆಯ ವಿನ್ಯಾಸವನ್ನು ಪಡೆದು ರುಸ್ತುಂ ಇರಾನಿ ಮತ್ತು ಫರ್ರೋಖ್ ಇರಾನಿಯವರು ಸ್ಥಾಪಿಸಿದ ಐಡಿಯಲ್ ಜಾವಾ ಕಾರ್ಖಾನೆಯನ್ನು, ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರು 1961ರಲ್ಲಿ ಉದ್ಘಾಟಿಸಿದರು. 1973ರಿಂದೀಚೆಗೆ ಅದೇ ಕಾರ್ಖಾನೆಯ ಬಂಡಿಗಳು ಯೆಜ್ದಿ ಎಂಬ ಹೆಸರಿನಿಂದ ಹೊರಬಂದವು. 1996ರಲ್ಲಿ ಯಾದವಗಿರಿಯ ಆ ಕಾರ್ಖಾನೆಯ ಬಾಗಿಲು ಮುಚ್ಚಿತು. ಮುಚ್ಚಿದ ಕಾರ್ಖಾನೆಯ ಬಂಡಿಯನ್ನು ಇಂದಿಗೂ ಓಡಿಸುವವರಿದ್ದಾರೆ ಎಂದರೆ ಅದಕ್ಕೆ ಕಾರಣ ಕೇವಲ ಮಮತೆಯೆಂದು ಭಾವಿಸಬಾರದು. ಮೂವತ್ತೈದು ವರ್ಷಗಳ ಆ ಅವಧಿಯಲ್ಲಿ ಎಂಜಿನ್ನಿನ ಮೂಲವಿನ್ಯಾಸವು ಹೆಚ್ಚು ಬದಲಾಗದೆ ನಡೆದುಬಂದುದರಿಂದ, ಒಂದು ಬಂಡಿಯ ಅನೇಕ ಅಂಗಗಳು, ಹತ್ತಿಪ್ಪತ್ತು ವರ್ಷ ಈಚೆಗೆ ಹುಟ್ಟಿದ ಇನ್ನೊಂದು ಬಂಡಿಗೆ ಯಥಾವತ್ತಾಗಿ ಹೊಂದಿಕೊಳ್ಳುತ್ತವೆ. ವರ್ಷಕ್ಕೊಂದು ಮಾದರಿಯನ್ನು ಹೊರತರುವ ಈಗಿನ ಪದ್ಧತಿಯಲ್ಲಿ ಇಂಥ ಸೌಲಭ್ಯವು ದುರ್ಲಭವೆಂದೇ ಹೇಳಬೇಕು; ವಿನ್ಯಾಸದ ಸ್ಥಿರತೆಯೂ ಬಳಸುವವನಿಗೆ ಸಲ್ಲುವ ಒಂದು ಉಪಕಾರವೆಂದು ನಾನು ದೃಢವಾಗಿ ನಂಬಿದ್ದೇನೆ.

ನಾನು ಕೈಹಾಕಿದ ಬಂಡಿ ನಮ್ಮ ದೊಡ್ಡಪ್ಪನವರದು. ಪಶುವೈದ್ಯ ಇಲಾಖೆಯಲ್ಲಿದ್ದ ಅವರು ನಂಜನಗೂಡಿನ ಸುತ್ತಣ ಹಳ್ಳಿಗಳನ್ನು ಅದರ ಮೇಲೆಯೇ ಸುತ್ತಿದವರು. ಅವರು ಕಾಲವಾದ ಮೇಲೆ ಅನೇಕ ಮಳೆಗಾಲಗಳು ಅದರ ಮೇಲೆ ಸುರಿದುಹೋದವು. ಅದನ್ನು ನನಗೆ ಕೊಡಿರೆಂದು ಕೇಳಿದಾಗ ದೊಡ್ಡಮ್ಮನವರು, "ಅವರಿದ್ದಿದ್ರೆ ಯಾರಿಗೂ ಮುಟ್ಟಗೊಡ್ತಿರಲಿಲ್ಲ. ತಗೊಂಡು ಹೋಗೋದಾದ್ರೆ ಅದರ ಕಾಗದಪತ್ರಾನೂ ಜೊತೇಲೇ ತಗೊಂಡು ಹೋಗು ಕಣೋ, ನನ್ನ ಹತ್ರ ಬಿಡಬೇಡ" ಎಂದು, ಟ್ರಂಕಿನ ತಳದಿಂದ ಎಣ್ಣೆಕಾಗದದಲ್ಲಿ ಸುತ್ತಿಟ್ಟಿದ್ದ ನೋಂದಣಿ ಪುಸ್ತಕವನ್ನು ತೆಗೆದುಕೊಟ್ಟರು. ಆ ಪುಸ್ತಕದ ಬೆಲೆ ಎಷ್ಟೆಂಬುದನ್ನು ಮುಂದೆ ಹೇಳುತ್ತೇನೆ.

ಎಂಜಿನ್ ಜಾಮ್ ಆಗಿತ್ತು. ದೀರ್ಘಕಾಲ ನಿಂತ ಬಂಡಿಗಳಲ್ಲಿ ಇದು ಸರ್ವಸಾಮಾನ್ಯ: ಪ್ಲಗ್ಗಿನ ಬಾಯಿಂದಲೋ ತೆರೆದ ಸೈಲೆನ್ಸರಿನಿಂದಲೋ ಒಳನುಸುಳಿದ ತೇವವು ಎರಕದ ಕಬ್ಬಿಣದ ಸಿಲಿಂಡರಿನ ಗೋಡೆಗೆ ತುಕ್ಕು ಹಿಡಿಸಿ, ಪಿಸ್ಟನ್ನಿನ ಉಂಗುರಗಳನ್ನು ಆ ಗೋಡೆಗೆ ಅಂಟಿಸಿಬಿಡುತ್ತದೆ. ಇಂಥ ಸಂದರ್ಭದಲ್ಲಿ ಆತುರಗಾರನು ಮಾಡುವ ಮೊದಲನೆಯ ಕೆಲಸವೆಂದರೆ ಕಿಕ್ಕರಿನ ಮೇಲೆ ಏರಿ ನಿಲ್ಲುವುದು. ಎರಡನೆಯದು ಸಿಲಿಂಡರಿನ ತಲೆ ಬಿಚ್ಚಿ ಪಿಸ್ಟನ್ನಿಗೆ ಸುತ್ತಿಗೆಯಿಂದ ಹೊಡೆಯುವುದು. ಎರಡೂ ವರ್ಜ್ಯ. ಮೊದಲನೆಯದರಿಂದ ಕಿಕ್ಕರಿನ ಹಲ್ಲುಗಳು ಮುರಿಯುತ್ತವೆ, ಎರಡನೆಯದರಿಂದ ಅಲ್ಯೂಮಿನಿಯಮ್ಮಿನ ಪಿಸ್ಟನ್ ಸೀಳುತ್ತದೆ. ಪ್ಲಗ್ಗನ್ನು ಬಿಚ್ಚಿ, ಸೀಮೆಎಣ್ಣೆಯೊಡನೆ ಗ್ರೀಸಿಲ್ಲದ ತೆಳು ಎಣ್ಣೆಯನ್ನು ಬೆರಸಿ ಒಳಗೆ ಸುರಿದು, ಬಂಡಿಯನ್ನು ಹಾಗೆಯೇ ಬಿಡಬೇಕು. ದಿನಕ್ಕೊಮ್ಮೆ ಅದನ್ನು ಮೇಲಿನ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಮುಂದಕ್ಕೂ ಹಿಂದಕ್ಕೂ ಮೆಲ್ಲನೆ ತೂಗಬೇಕು. ಎಣ್ಣೆ ಇಳಿದಿದ್ದರೆ ಮತ್ತೆ ಸುರಿಯಬೇಕು. ಹೀಗೆ ಕಾಯುತ್ತಿರಲಾಗಿ ಒಂದು ದಿನ ಚಕ್ರವು ಕೂದಲೆಳೆಯಷ್ಟು ಹೆಚ್ಚು ತಿರುಗಿದಂತೆ ಅಂಗೈಗೆ ತಿಳಿಯುತ್ತದೆ, ಮರುದಿನ ಬೆರಳಿನಗಲ, ಆಮೇಲೆ ಉಳಿದುದೆಲ್ಲ ಸಡಿಲುತ್ತದೆ. ಯಂತ್ರದ ಕೆಲಸದಲ್ಲಿ ಬಲಕ್ಕಿಂತ ತಾಳ್ಮೆ ಅಗ್ಗವೆಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ಘಟ್ಟ ನನಗೆ ತಿಳಿಯದು.

ಇನ್ನು ಎಂಜಿನ್ ಬಿಚ್ಚುವ ಮೊದಲು ಅದರ ಉಸಿರಾಟದ ಕ್ರಮವನ್ನು ಅರಿತಿರುವುದು ಮೇಲು. ಜಾವಾದ್ದು ಟೂ-ಸ್ಟ್ರೋಕ್ ಎಂಜಿನ್. ಅದರ ಸಿಲಿಂಡರಿನ ಒಳವ್ಯಾಸ 65 ಮಿಲಿಮೀಟರ್, ಪಿಸ್ಟನ್ನಿನ ಓಡಾಟ 75 ಮಿಲಿಮೀಟರ್. ಅದರಲ್ಲಿ ಕವಾಟಗಳೆಂಬುವಿಲ್ಲ. ಪಿಸ್ಟನ್ ಮೇಲೇರುವಾಗ ತನ್ನ ನೆತ್ತಿಯ ಮೇಲಿನ ಪೆಟ್ರೋಲ್ ಗಾಳಿಯ ಮಿಶ್ರಣವನ್ನು ಒತ್ತುತ್ತಲೇ, ಕೆಳಗಣ ಕ್ರ್ಯಾಂಕ್ ಕೋಣೆಯೊಳಕ್ಕೆ ಹೊಸ ಮಿಶ್ರಣವನ್ನು ಕಮ್ಮಾರನ ತಿದಿಯಂತೆ ಸೆಳೆದುಕೊಳ್ಳುತ್ತದೆ; ಕೆಳಗಿಳಿಯುವಾಗ ಆ ಹೊಸ ಮಿಶ್ರಣವನ್ನು ಪಕ್ಕದ ದಾರಿಗಳಿಂದ ಮೇಲಕ್ಕೆ ನೂಕುತ್ತದೆ. ಆದುದರಿಂದ ಕ್ರ್ಯಾಂಕ್ ಕೋಣೆಯು ಗಾಳಿಯಾಡದಂತೆ ಬಿಗಿಯಾಗಿರಬೇಕಾದುದು ಅತ್ಯವಶ್ಯ. ಆ ಬಿಗಿಯನ್ನು ಕಾಯುವವು ಕ್ರ್ಯಾಂಕಿನ ಎರಡು ತುದಿಗಳಲ್ಲಿರುವ ರಬ್ಬರಿನ ಎಣ್ಣೆಸೀಲುಗಳು. ಬಲಗಡೆ, ಡೈನಮೋ ಇರುವ ಕಡೆಯ ಸೀಲು ಸವೆದರೆ ಹೊರಗಿನ ಗಾಳಿ ಒಳಗೆ ಸೇರಿ ಎಂಜಿನ್ ಅತಿಯಾಗಿ ಕಾಯುತ್ತದೆ, ಆಕ್ಸಿಲರೇಟರ್ ಬಿಟ್ಟರೂ ಅರಚುತ್ತಲೇ ಇರುತ್ತದೆ. ಎಡಗಡೆ, ಕ್ಲಚ್ಚಿನ ಕಡೆಯದು ಸವೆದರೆ ಆ ಪಕ್ಕದ ಎಣ್ಣೆಯನ್ನೇ ಎಂಜಿನ್ ಹೀರಿ ಬೀದಿಯ ತುಂಬ ಬಿಳಿಯ ಹೊಗೆಯನ್ನು ಕಾರುತ್ತದೆ. ಕಾರ್ಬೊರೇಟರನ್ನು ನೂರು ಸಲ ತಿರುವಿ ಬೇಸತ್ತು ಬಂಡಿಯನ್ನು ಮಾರಿದವರು ಎಷ್ಟೋ ಮಂದಿ. ಅವರಲ್ಲಿ ಹಲವರ ದೋಷವು ಅಲ್ಪಬೆಲೆಯ ಈ ರಬ್ಬರ್ ಉಂಗುರದಲ್ಲಿತ್ತೆಂದು ನಾನು ಬಲ್ಲೆ.

ಈ ಭಾಷಣದ ಮುಖ್ಯವಿಷಯಕ್ಕೆ ಈಗ ಬರುತ್ತೇನೆ. ಹಳೆಯ ಬಂಡಿಗೆ ಬೇಕಾದ ಬಿಡಿಭಾಗಗಳನ್ನು ಅರಸುತ್ತ ಹೊರಟವನು ಬೆಂಗಳೂರಿನ ಶಿವಾಜಿನಗರದ ಗುಜರಿ ಬೀದಿಗಳಲ್ಲಿ ಒಮ್ಮೆಯಾದರೂ ಕಾಲಿಡಲೇಬೇಕು. ಎದೆಯೆತ್ತರ ಪೇರಿಸಿದ ಸೈಲೆನ್ಸರುಗಳು, ತಂತಿಯಲ್ಲಿ ಪೋಣಿಸಿ ನೇತುಹಾಕಿದ ಗೇರುಗಳು, ಕಪ್ಪು ಎಣ್ಣೆಯ ಡಬ್ಬಿಯಲ್ಲಿ ಮುಳುಗಿದ ಬೋಲ್ಟುಗಳು. ಇವುಗಳ ನಡುವೆ ಮೋಡಾದ ಮೇಲೆ ಕೂತ ಅಂಗಡಿಯವರು, ಕೈಗೆ ಬಂದ ತುಂಡನ್ನು ಬೆರಳಿನಿಂದ ಸವರಿಯೇ ಅದು ಯಾವ ಬಂಡಿಯದು, ಯಾವ ಕಾಲದ್ದು ಎಂದು ಹೇಳುತ್ತಾರೆ. ಅಂಥ ಹಿರಿಯರೊಬ್ಬರ ಮುಂದೆ ನಾನು ಕ್ರ್ಯಾಂಕ್ ಕೇಸಿನ ಒಂದು ಅರ್ಧವನ್ನು ಮಾತ್ರ ಎತ್ತಿಕೊಂಡಾಗ ಅವರು ಅದನ್ನು ನನ್ನ ಕೈಯಿಂದ ಮೆಲ್ಲನೆ ತೆಗೆದುಕೊಂಡು, "ಇದರ ಜೋಡಿ ಇಲ್ಲ ಸಾರ್. ಜೋಡಿ ಇಲ್ದೆ ಇದನ್ನ ನಾನು ನಿಮಗೆ ಕೊಡೋದಿಲ್ಲ, ನೀವು ತಗೋಬೇಡಿ" ಎಂದರು. ಆ ಮಾತಿನ ಹಿಂದೆ ಯಂತ್ರಶಾಸ್ತ್ರದ ಒಂದು ಮೂಲಸತ್ಯವಿತ್ತು. ಕ್ರ್ಯಾಂಕ್ ಕೇಸಿನ ಎರಡು ಅರ್ಧಗಳನ್ನು ಕಾರ್ಖಾನೆಯಲ್ಲಿ ಒಟ್ಟಿಗೆ ಬಿಗಿದು ಬೇರಿಂಗಿನ ಗೂಡುಗಳನ್ನು ಕೊರೆದಿರುತ್ತಾರಾದ ಕಾರಣ, ಒಂದು ಬಂಡಿಯ ಎಡಭಾಗಕ್ಕೆ ಇನ್ನೊಂದರ ಬಲಭಾಗವನ್ನು ಸೇರಿಸಿದರೆ ಕಣ್ಣಿಗೆ ಕಾಣದ ಓರೆಯುಂಟಾಗಿ, ಬೇರಿಂಗುಗಳು ಬಹುಬೇಗ ನಾಶವಾಗುತ್ತವೆ. ವ್ಯಾಪಾರವನ್ನು ಬಿಟ್ಟುಕೊಟ್ಟು ಕೊಳ್ಳುವವನ ಬಂಡಿಯನ್ನು ಕಾದ ಆ ಹಿರಿಯರನ್ನು ನಾನು ಗೌರವದಿಂದ ನೆನೆಯುತ್ತೇನೆ.

ಹಾಗಾದರೆ ಗುಜರಿಯಿಂದ ಯಾವುದನ್ನು ಸ್ವೀಕರಿಸಬಹುದು? ಸವೆತಕ್ಕೆ ಒಳಗಾಗದ ಎರಕದ ಮತ್ತು ತಗಡಿನ ಭಾಗಗಳನ್ನೆಲ್ಲ ನಿಶ್ಶಂಕೆಯಿಂದ ಸ್ವೀಕರಿಸಬಹುದು: ಕ್ಲಚ್ಚಿನ ಮುಚ್ಚಳ, ಚಕ್ರದ ಹಬ್ಬು, ಹೆಡ್‌ಲೈಟಿನ ಬುರುಡೆ, ಚೈನನ್ನು ಪೂರ್ತಿಯಾಗಿ ಮುಚ್ಚುವ ತಗಡಿನ ಕವಚ, ಮಡ್‌ಗಾರ್ಡು. ಇಂದು ಹೊಸದಾಗಿ ಒತ್ತಿ ಮಾರುವ ತಗಡಿಗಿಂತ ಹಳೆಯ ತಗಡು ದಪ್ಪವಾದದ್ದು. ತುಕ್ಕನ್ನು ಉಪ್ಪುಕಾಗದದಿಂದ ಉಜ್ಜಿ ಬಣ್ಣ ಬಳಿದರೆ ಅದು ಮತ್ತೊಂದು ತಲೆಮಾರು ಬಾಳುತ್ತದೆ. ಗೇರುಗಳನ್ನೂ ಕೊಳ್ಳಬಹುದು, ಆದರೆ ಪರೀಕ್ಷಿಸಿ. ಗೇರಿನ ಪಕ್ಕದಲ್ಲಿ ಒಂದನ್ನೊಂದು ಹಿಡಿಯುವ ಗೂಟಗಳಂಥ ಹಲ್ಲುಗಳಿರುವುವಷ್ಟೆ. ಅವುಗಳ ಮೂಲೆಗಳು ಚೂಪಾಗಿದ್ದರೆ ಗೇರು ಗಟ್ಟಿ, ಉಗುರಿಗೆ ದುಂಡಗೆ ತಾಕಿದರೆ ಅದು ಏರುದಾರಿಯಲ್ಲಿ ತಾನಾಗಿ ಜಾರಿ ಬಿಡುತ್ತದೆ. ಸಿಲಿಂಡರ್ ಬ್ಲಾಕನ್ನು ಕೊಳ್ಳಹೋಗುವವನು ಹೊಸ ಪಿಸ್ಟನ್ ಉಂಗುರವೊಂದನ್ನೂ ಫೀಲರ್ ಗೇಜನ್ನೂ ಜೇಬಿನಲ್ಲಿಟ್ಟುಕೊಂಡೇ ಹೋಗತಕ್ಕದ್ದು. ಉಂಗುರವನ್ನು ಸಿಲಿಂಡರಿನೊಳಗೆ ನೇರವಾಗಿ ಕೂರಿಸಿ ಅದರ ಎರಡು ತುದಿಗಳ ನಡುವಣ ಸಂದನ್ನು ಅಳೆಯಬೇಕು. ಮಿಲಿಮೀಟರಿನ ಹತ್ತರಲ್ಲಿ ಎರಡು ಮೂರು ಪಾಲಿನಷ್ಟಿದ್ದರೆ ಆ ಬ್ಲಾಕು ಸವೆದಿಲ್ಲ. ಸಂದು ಬಹಳ ಹೆಚ್ಚಾಗಿದ್ದರೆ 0.25 ಮಿಲಿಮೀಟರಿನಷ್ಟು ದೊಡ್ಡದಾಗಿ ಕೊರೆಸಿ, ಅದಕ್ಕೊಪ್ಪುವ ಓವರ್‌ಸೈಜ್ ಪಿಸ್ಟನ್ನನ್ನು ಹಾಕಬೇಕಾಗುತ್ತದೆ. ಆ ಮೊದಲೇ ಎಷ್ಟು ಸಲ ಕೊರೆಸಿದ್ದಾರೆಂಬುದನ್ನು ವರ್ನಿಯರ್ ಮಾಪಕದಿಂದ ನೋಡಿಕೊಳ್ಳಬೇಕು. ಮುಂದಿನ ಫೋರ್ಕಿನ ಉಕ್ಕಿನ ಕೊಳವೆಗಳನ್ನು ನಯವಾದ ಕಡಪಕಲ್ಲಿನ ಚಪ್ಪಡಿಯ ಮೇಲೆ ಉರುಳಿಸಿ ನೋಡಿದರೆ, ಅಪಘಾತದಲ್ಲಿ ಬಾಗಿದ್ದು ಯಾವುದು, ನೆಟ್ಟಗಿರುವುದು ಯಾವುದು ಎಂಬುದು ಕ್ಷಣಮಾತ್ರದಲ್ಲಿ ತಿಳಿಯುತ್ತದೆ. ಕಾರ್ಬೊರೇಟರಿನ ಹಿತ್ತಾಳೆಯ ತೇಲುಬುಂಡೆಯನ್ನು ಕಿವಿಯ ಬಳಿ ಹಿಡಿದು ಕುಲುಕಬೇಕು. ಒಳಗೆ ದ್ರವದ ಸಪ್ಪಳ ಕೇಳಿಸಿದರೆ ಅದಕ್ಕೆ ರಂಧ್ರವಾಗಿದೆಯೆಂದು ಅರ್ಥ, ಬೆಸುಗೆ ಹಾಕಿದರೆ ಸರಿಹೋಗುತ್ತದೆ.

ಸ್ವೀಕರಿಸಕೂಡದವುಗಳ ವಿಷಯದಲ್ಲಿ ನಾನು ಯಾವ ರಿಯಾಯಿತಿಯನ್ನೂ ತೋರಲಾರೆ. ಬ್ರೇಕಿನ ಶೂಗಳು, ಬ್ರೇಕು ಮತ್ತು ಕ್ಲಚ್ಚಿನ ಕೇಬಲ್ಲುಗಳು, ಟೈರುಗಳು, ಬೇರಿಂಗುಗಳು, ಸೀಲುಗಳು, ಚೈನು, ಕೊಕ್ಕೆಯಂತೆ ಬಾಗಿದ ಹಲ್ಲಿನ ಸ್ಪ್ರಾಕೆಟ್ಟುಗಳು: ಇವನ್ನು ಎಷ್ಟೇ ಅಗ್ಗವಾಗಿ ಕೊಟ್ಟರೂ, ಎಷ್ಟೇ ಹೊಳೆಯುತ್ತಿದ್ದರೂ, ಗುಜರಿಯಿಂದ ತರಬಾರದು. ಟೈರಿನ ಪಕ್ಕದ ಗೋಡೆಯ ಮೇಲೆ ನಾಲ್ಕಂಕಿಯ ಗುರುತೊಂದಿರುತ್ತದೆ. ಮೊದಲೆರಡು ಅಂಕಿಗಳು ತಯಾರಾದ ವಾರವನ್ನೂ ಕೊನೆಯೆರಡು ವರ್ಷವನ್ನೂ ಹೇಳುತ್ತವೆ. ಬಳಸದೆ ಇಟ್ಟ ಟೈರೂ ವರ್ಷಗಳು ಕಳೆದಂತೆ ಒಣಗಿ ಸಣ್ಣ ಬಿರುಕು ಬಿಡುತ್ತದೆಂಬುದನ್ನು ಮರೆತು, ಮೇಲಣ ಗೀರುಗಳು ಆಳವಾಗಿವೆಯೆಂದು ಮೋಸಹೋಗುವವರಿದ್ದಾರೆ. ಹಳೆಯ ಬ್ರೇಕ್ ಲೈನಿಂಗುಗಳಲ್ಲಿ ಕಲ್ನಾರು ಇರುವ ಸಂಭವ ಹೆಚ್ಚು. ಡ್ರಮ್ಮಿನೊಳಗಣ ಧೂಳನ್ನು ಬಾಯಿಂದ ಊದುವ ಅಭ್ಯಾಸ ನಮ್ಮಲ್ಲಿ ಬಹಳವಾಗಿರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ಆ ಧೂಳು ಶ್ವಾಸಕೋಶಕ್ಕೆ ಹೋಗಬಾರದು. ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಕಟ್ಟಿ ಬಿಸುಡಬೇಕು. ಹಾಗೆಯೇ, ಪೆಟ್ರೋಲ್ ಟ್ಯಾಂಕಿನ ತೂತಿಗೆ ಮನೆಯಲ್ಲಿ ಬೆಸುಗೆ ಹಾಕುವ ಸಾಹಸವನ್ನು ಯಾರೂ ಮಾಡಕೂಡದು. ವರ್ಷಗಟ್ಟಲೆ ಬರಿದಾಗಿದ್ದಂತೆ ತೋರುವ ಟ್ಯಾಂಕಿನಲ್ಲಿಯೂ ಆವಿ ಉಳಿದಿದ್ದು, ಉರಿ ತಾಕಿದೊಡನೆ ಸಿಡಿಯಬಹುದು.

ಬಂಡಿಯನ್ನು ಓಡಿಸುವ ಅಂಗಗಳು ಹಳೆಯವಾಗಬಹುದು, ನಿಲ್ಲಿಸುವ ಅಂಗಗಳು ಹೊಸವೇ ಆಗಬೇಕು ಎಂಬುದು ಇದರಿಂದ ನಾನು ಕೈಕೊಂಡ ನಿಯಮ. ಇದನ್ನು ಪಾಲಿಸಿದವನ ಖರ್ಚು ಕೊಂಚ ಏರುವುದು ನಿಜ. ಆದರೆ ಗುಜರಿಯ ಕೆಲಸವು ಲೋಭದ ಕೆಲಸವಾಗದಂತೆ ಕಾಯುವುದೂ ಇದೇ ನಿಯಮ.

ಜೋಡಣೆಯ ಕೆಲಸದಲ್ಲಿ ಕೆಲವು ಸೂಕ್ಷ್ಮಗಳನ್ನಷ್ಟೇ ಹೇಳಿ ಮುಂದುವರಿಯುತ್ತೇನೆ. ಹಳೆಯ ಜಾವಾದ ಕ್ಲಚ್ ಪ್ಲೇಟುಗಳಲ್ಲಿ ಬಿರಡೆ ಮರದ, ಎಂದರೆ ಕಾರ್ಕಿನ, ತುಂಡುಗಳಿರುತ್ತವೆ. ಅವನ್ನು ಒಣಗಿದಂತೆಯೇ ಕೂರಿಸಿದರೆ ಸುಟ್ಟುಹೋಗುವುವಾದ್ದರಿಂದ ಇಡೀ ರಾತ್ರಿ ಎಣ್ಣೆಯಲ್ಲಿ ನೆನಸಿಡಬೇಕು. ಈ ಬಂಡಿಯ ಇನ್ನೊಂದು ವೈಶಿಷ್ಟ್ಯವೆಂದರೆ ಗೇರು ಹಾಕುವ ಸನ್ನೆಯೇ ಒಳಕ್ಕೊತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರಾಗುವುದು, ಮತ್ತು ಆ ಸನ್ನೆಯನ್ನು ಕಾಲಿನಿಂದ ಒತ್ತಿದೊಡನೆ ಕ್ಲಚ್ಚು ತಾನಾಗಿ ಬಿಡುವುದು. ಒಂದೇ ಸನ್ನೆಗೆ ಮೂರು ಕೆಲಸಗಳನ್ನು ಒಪ್ಪಿಸಿದ ಆ ವಿನ್ಯಾಸಕಾರರ ಬುದ್ಧಿಯನ್ನು ಬಿಚ್ಚಿ ಜೋಡಿಸಿದವನೇ ಪೂರ್ತಿಯಾಗಿ ಮೆಚ್ಚಬಲ್ಲನು. ವಿದ್ಯುತ್ತಿನ ವ್ಯವಸ್ಥೆ ಆರು ವೋಲ್ಟಿನದು, ಬ್ಯಾಟರಿಯಿಲ್ಲದೆ ಕಿಡಿಯಿಲ್ಲ. ಕಾಂಟ್ಯಾಕ್ಟ್ ಪಾಯಿಂಟುಗಳ ನಡುವಣ ಅಂತರ 0.4 ಮಿಲಿಮೀಟರ್. ಪೆಟ್ರೋಲಿನಲ್ಲಿ ಲೀಟರಿಗೆ 40 ಮಿಲಿಲೀಟರಿನಂತೆ ಟೂ-ಸ್ಟ್ರೋಕ್ ಎಣ್ಣೆಯನ್ನು ಬೆರಸಬೇಕು. ಸೈಲೆನ್ಸರಿನ ಒಳಕೊಳವೆಗೆ ಮಸಿ ಕಟ್ಟಿಕೊಂಡಿದ್ದರೆ ಎಂಜಿನ್ನಿಗೆ ಉಸಿರು ಕಟ್ಟುತ್ತದೆ. ಅದನ್ನು ಎಳೆದು ತೆಗೆದು ಕೆರೆಯಬೇಕು.

ಮನೆಯಲ್ಲಿ ಆಗದ ಕೆಲಸಗಳೂ ಇವೆ. ಕ್ರ್ಯಾಂಕಿನ ದೊಡ್ಡ ತುದಿಯ ಬೇರಿಂಗು ಸವೆದಿದ್ದರೆ, ಎಂದರೆ ಕನೆಕ್ಟಿಂಗ್ ರಾಡನ್ನು ಮೇಲಕ್ಕೂ ಕೆಳಕ್ಕೂ ಎಳೆದಾಗ ಟಕ್ಕೆಂಬ ಅಲುಗಾಟ ಕಂಡರೆ, ಕ್ರ್ಯಾಂಕನ್ನು ಪ್ರೆಸ್ಸಿಗೆ ಕೊಟ್ಟು ಬಿಚ್ಚಿಸಿ, ಹೊಸ ಪಿನ್ನನ್ನೂ ರೋಲರುಗಳನ್ನೂ ಹಾಕಿಸಿ, ಮತ್ತೆ ಲೇತಿನ ಮೇಲೆ ತಿರುಗಿಸಿ ನೆಟ್ಟಗಾಗಿಸಬೇಕು. ನಮ್ಮ ಊರುಗಳಲ್ಲಿ ಒಂದು ಲೇತು, ಒಂದು ಕೊರೆಯುವ ಯಂತ್ರ, ಒಬ್ಬ ಹುಡುಗ, ಇಷ್ಟರಿಂದಲೇ ನಡೆಯುವ ಸಣ್ಣ ವರ್ಕ್‌ಶಾಪುಗಳಿವೆ. ಎಲ್ಲಿಯೂ ಸಿಗದ ಬುಷ್ ಒಂದನ್ನು ಕಂಚಿನ ಸರಳಿನಿಂದ, ಹಳೆಯದರ ಅಳತೆ ಹಿಡಿದು, ಸಂಜೆಯೊಳಗೆ ಕಡೆದುಕೊಡುವ ಮೇಸ್ತ್ರಿಗಳು ಅಲ್ಲಿದ್ದಾರೆ. ಹಳೆಯ ಬಂಡಿಗಳು ಉಳಿದಿರುವುದು ಗುಜರಿಯವರಿಂದ ಎಷ್ಟೋ ಈ ಮೇಸ್ತ್ರಿಗಳಿಂದಲೂ ಅಷ್ಟೆ. ಅವರ ಮಕ್ಕಳು ಬೇರೆ ಉದ್ಯೋಗಗಳನ್ನು ಹಿಡಿಯುತ್ತಿರುವುದರಿಂದ ಈ ವಿದ್ಯೆ ಬೇಗ ಬೇಗನೆ ಕ್ಷೀಣಿಸುತ್ತಿದೆ; ಪಾಲಿಟೆಕ್ನಿಕ್ಕಿನ ವಿದ್ಯಾರ್ಥಿಗಳು ರಜೆಯಲ್ಲಾದರೂ ಅವರ ಬಳಿ ಕೂತು ಕಲಿಯುವಂತೆ ಏರ್ಪಡಿಸಬಾರದೇಕೆ ಎಂದು ನನಗೆ ಅನೇಕ ವೇಳೆ ಅನಿಸಿದೆ.

ದೊಡ್ಡಮ್ಮನವರು ಕೊಟ್ಟ ಪುಸ್ತಕದ ಮಾತಿಗೆ ಬರೋಣ. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಸ್ವಂತ ಬಳಕೆಯ ವಾಹನದ ನೋಂದಣಿ 15 ವರ್ಷಗಳಿಗೆ ಸಲ್ಲುತ್ತದೆ. ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಗಳಿಗೆ ನವೀಕರಿಸಿಕೊಳ್ಳಬೇಕು. ತಪಾಸಣೆಯ ಅಧಿಕಾರಿ ಮೊದಲು ನೋಡುವುದು ಚಾಸಿಸ್ ಸಂಖ್ಯೆಯನ್ನೂ ಎಂಜಿನ್ ಸಂಖ್ಯೆಯನ್ನೂ. ಎಂಜಿನ್ ಸಂಖ್ಯೆಯನ್ನು ಒತ್ತಿರುವುದು ಕ್ರ್ಯಾಂಕ್ ಕೇಸಿನ ಮೇಲೆ. ಆದುದರಿಂದ ಗುಜರಿಯಿಂದ ಬೇರೆ ಕ್ರ್ಯಾಂಕ್ ಕೇಸನ್ನು ತಂದು ಹಾಕಿದವನು ಅದಕ್ಕೆ ರಸೀತಿಯನ್ನೂ ಪಡೆದು, ಬದಲಾವಣೆಯನ್ನು ಸಾರಿಗೆ ಕಚೇರಿಯಲ್ಲಿ ಬರೆಸಿಕೊಳ್ಳಬೇಕು. ರಸೀತಿಯಿಲ್ಲದ, ಸಂಖ್ಯೆಯನ್ನು ಅರದಿಂದ ಉಜ್ಜಿ ಅಳಿಸಿದ ಎಂಜಿನ್ ಭಾಗವನ್ನು ಯಾರೇ ಕೊಟ್ಟರೂ ಮುಟ್ಟಬಾರದು. ಅದು ಇನ್ನೊಬ್ಬನ ಮನೆಯಂಗಳದಿಂದ ಕಳುವಾದ ಬಂಡಿಯದಾಗಿರಬಹುದು. ನಮ್ಮ ಬಂಡಿಯದು ಮೂಲ ಕ್ರ್ಯಾಂಕ್ ಕೇಸೇ ಉಳಿದುಕೊಂಡದ್ದರಿಂದ, ಪುಸ್ತಕದಲ್ಲಿದ್ದ ಸಂಖ್ಯೆಗೂ ಲೋಹದ ಮೇಲಿದ್ದ ಸಂಖ್ಯೆಗೂ ತಾಳೆಯಾಗಿ, ನವೀಕರಣ ಸುಲಭವಾಯಿತು. ಬಿಡಿಭಾಗಗಳನ್ನು ಅರಸುವವರಿಗೆ ಇನ್ನೊಂದು ನೆರವೂ ಉಂಟು: ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ಯೆಜ್ದಿಗಳ ಅಭಿಮಾನಿಗಳು ಬೆಂಗಳೂರು ಮೈಸೂರುಗಳಲ್ಲಿ ಸೇರುವುದುಂಟು. ಹೊಸದಾಗಿ ಈ ಕೆಲಸಕ್ಕೆ ಕೈಹಾಕುವವರು ಅಲ್ಲಿ ಹೋಗಿ ನಿಂತರೆ, ಯಾವ ಭಾಗ ಯಾರ ಬಳಿ ಇದೆಯೆಂಬ ವಿವರವು ಧಾರಾಳವಾಗಿ ದೊರೆಯುತ್ತದೆ.

ಶ್ರೋತೃಗಳಲ್ಲಿ ಒಂದು ವಿಜ್ಞಾಪನೆ ಉಳಿದಿದೆ. ನಿಮ್ಮ ಮನೆಯ ಅಟ್ಟದಲ್ಲಿಯೋ ಸೌದೆಯ ಕೊಟ್ಟಿಗೆಯಲ್ಲಿಯೋ ಇಂಥ ಬಂಡಿಯ ಅವಶೇಷಗಳೇನಾದರೂ ಇದ್ದರೆ, ಅವನ್ನು ಕಿಲೋ ಲೆಕ್ಕದಲ್ಲಿ ತೂಗಿ ಕೊಟ್ಟುಬಿಡಬೇಡಿ. ತೂಕಕ್ಕೆ ಹೋದ ಗೇರು ಕುಲುಮೆಗೆ ಹೋಗುತ್ತದೆ, ಬಂಡಿಗೆ ಹೋಗುವುದಿಲ್ಲ. ಕಾರ್ಬೊರೇಟರು, ಡೈನಮೋ, ಗೇರುಗಳು, ಸ್ಪೀಡೋಮೀಟರು, ಜೋಡಿಯಾಗಿರುವ ಕ್ರ್ಯಾಂಕ್ ಕೇಸುಗಳು, ಇವು ಬಹು ದುರ್ಲಭವಾಗುತ್ತಿರುವ ವಸ್ತುಗಳು. ಅವನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಎಣ್ಣೆ ಸವರಿದ ಬಟ್ಟೆಯಲ್ಲಿ ಸುತ್ತಿ, ಯಾವ ಬಂಡಿಯದೆಂದು ಚೀಟಿ ಬರೆದಿಟ್ಟು, ನಿಮ್ಮ ಬೀದಿಯ ಮೆಕ್ಯಾನಿಕ್ಕಿಗೆ ಒಂದು ಮಾತು ತಿಳಿಸಿಡಿ. ಕೇಳಿಕೊಂಡು ಬರುವವರು ತಪ್ಪದೆ ಬರುತ್ತಾರೆ. ನನ್ನ ಬಳಿ ಮಿಕ್ಕಿದ್ದ ಮೂರನೆಯ ಗೇರನ್ನು ಹೀಗೆಯೇ ವಿಚಾರಿಸುತ್ತ ಕೊಳ್ಳೇಗಾಲದಿಂದ ಬಸ್ಸಿನಲ್ಲಿ ಬಂದ ತರುಣನೊಬ್ಬನು, ಅದರ ಹಲ್ಲುಗಳ ಮೂಲೆಯನ್ನು ಮೊದಲು ಉಗುರಿನಿಂದ ಮುಟ್ಟಿ ನೋಡಿ, ಆಮೇಲೆಯೇ ಬೆಲೆಯನ್ನು ಕೇಳಿದನು.